ಯಾವ ಮಂಜುನಾಥ?

ಕಳೆದ ವರ್ಷ ಜುಲೈ ಕೊನೆಯ ವಾರ. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡೀತಾ ಇತ್ತು. ಮಾವನ ಫೋನು ಬಂತು, ಕಟ್ ಮಾಡಿದೆ. ಮತ್ತೆ ಬಂತು. ನನ್ನ ಸೋದರಮಾವ ಒಂದು ಕೆಲಸಕ್ಕೆ ಎರಡು ಸಲ ಫೋನು ಮಾಡುವವನಲ್ಲ. ಏನೋ ಆಗಿರಬೇಕು ಅಂತ ಹೊರಗೆ ಬಂದು ಎತ್ತಿದೆ.

"ಮಾಣಿ, ನಿನ್ನ ಮೊಬೈಲು ಲೆಕ್ಕ ತಪ್ಪು ತೋರಿಸ್ತಾ ಇದ್ದು."

"ಲೆಕ್ಕ ತಪ್ಪೂಲೆ ಸಾಧ್ಯ ಇಲ್ಲೆ ಮಾವ. ಎಂಟ್ರಿ ಮಾಡಕಾದ್ರೆ ಬೆರಳು ತಪ್ಪಿಕ್ಕು, ಸರಿ ನೋಡು" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮಳೆಯ ಸದ್ದು ಮಾತ್ರ ಕೇಳ್ತಿತ್ತು. ಆಮೇಲೆ "ಆಗಿಕ್ಕು" ಅಂದವನೇ ಇಟ್ಟುಬಿಟ್ಟ. ನಾನು ಮೀಟಿಂಗಿಗೆ ವಾಪಸ್ ಹೋದೆ.

ಆ "ಆಗಿಕ್ಕು" ಎಷ್ಟು ಭಾರದ್ದು ಅಂತ ಗೊತ್ತಾಗಲಿಕ್ಕೆ ನನಗೆ ನಾಲ್ಕು ದಿನ ಬೇಕಾಯ್ತು.

ಏಳು ಮಂಜುನಾಥರ ಅಂಗಡಿ

ಮಾವನದು ಹೊನ್ನಾವರ ತಾಲ್ಲೂಕಿನ ಮಂಕಿಯ ಕಡೆ ಒಂದು ಕಿರಾಣಿ ಅಂಗಡಿ. ಅಕ್ಕಿ, ಬೆಲ್ಲ, ತೆಂಗಿನೆಣ್ಣೆಯಿಂದ ಹಿಡಿದು ಮಕ್ಕಳ ಪೆನ್ಸಿಲಿನವರೆಗೆ ಎಲ್ಲ ಸಿಗುತ್ತೆ. ಅರ್ಧಕ್ಕರ್ಧ ವ್ಯಾಪಾರ ಉದ್ರಿಯದ್ದು. ಅದರಲ್ಲೂ ಜೂನ್, ಜುಲೈ ಬಂತೆಂದರೆ ಕೇಳುವುದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿ ದಡದಲ್ಲಿದ್ದರೂ ಒಲೆ ಉರಿಯಬೇಕಲ್ಲ? ಆ 2 ತಿಂಗಳು ಎಷ್ಟೋ ಮನೆಗಳ ಊಟ ಮಾವನ ಖಾತೆ ಪುಸ್ತಕದ ಮೇಲೆ ನಡೆಯುತ್ತೆ.

ಆ ಪುಸ್ತಕವನ್ನು ನೀವು ನೋಡಬೇಕು. ಕೆಂಪು ಬಟ್ಟೆಯ ರಟ್ಟು, ಮೊದಲ ಪುಟಗಳಲ್ಲಿ ಹೆಸರಿನ ಪಟ್ಟಿ, ಹೆಸರಿನ ಮುಂದೆ ಪುಟದ ನಂಬರು. ನಮ್ಮ ಕಡೆ ಹೆಸರಿಗೆ ದೇವರುಗಳದ್ದೇ ಸಾಲ. ಗೋಕರ್ಣದ ದಯೆಯಿಂದ ಕುಮಟಾ ಸುತ್ತಮುತ್ತ ಮಹಾಬಲೇಶ್ವರರಿಗೆ ಬರವಿಲ್ಲ. ಇಡಗುಂಜಿಯಿಂದಾಗಿ ಹೊನ್ನಾವರದಲ್ಲಿ ಕೇರಿಗೆ ನಾಲ್ಕು ಗಣಪತಿಯರು. ಇನ್ನು ಧರ್ಮಸ್ಥಳಕ್ಕೆ ಹರಕೆ ಹೊತ್ತ ಮನೆಗಳಲ್ಲೆಲ್ಲ ಮಂಜುನಾಥರು. ಮಾವನ ಖಾತೆಯಲ್ಲೇ 7 ಜನ ಮಂಜುನಾಥರಿದ್ದರು. ಅದಕ್ಕೇ ಅವನು ಬರೆಯುತ್ತಿದ್ದದ್ದು 'ಮಂಜ – ಬೋಟು', 'ಮಂಜ – ರಿಕ್ಷಾ', 'ಮಂಜ – ಗದ್ದೆಮನೆ' ಅಂತ.

ನಾನು ಕುಮಟಾದಿಂದ ದಿನಾ ರೈಲು ಹಿಡಿದು ಭಟ್ಕಳದ ಅಂಜುಮನ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವನು. ನಮ್ಮ ಕ್ಲಾಸಿನಲ್ಲೂ ಇದೇ ಕಥೆ. ಮೂವರು ಮೊಹಮ್ಮದರು, ಇಬ್ಬರು ನಾಗರಾಜರು. ನವಾಯತ ಗೆಳೆಯರನ್ನು ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದೆವು. ಹೊನ್ನಾವರದ ಶರಾವತಿ ಸೇತುವೆ, ಎರಡು ಕಿಲೋಮೀಟರಿಗಿಂತ ಉದ್ದದ್ದು, ಅದನ್ನು ದಾಟುವಷ್ಟರಲ್ಲಿ ಪರೀಕ್ಷೆಯ ದಿನ 'ಲೋಕಲ್ ವೇರಿಯೆಬಲ್ಲಿಗೂ ಗ್ಲೋಬಲ್ ವೇರಿಯೆಬಲ್ಲಿಗೂ ವ್ಯತ್ಯಾಸವೇನು' ಅನ್ನೋ ಪ್ರಶ್ನೆಯ ಉತ್ತರ ಬಾಯಿಪಾಠ ಆಗಿರುತ್ತಿತ್ತು. ಬರೆದು ಮಾರ್ಕ್ಸೂ ತಗೊಂಡೆ. ಅರ್ಥ ಆದದ್ದು ಮಾತ್ರ ಹತ್ತು ವರ್ಷದ ನಂತರ, ಮಾವನ ಅಂಗಡಿಯಲ್ಲಿ.

ಹಿಂದಿನ ದೀಪಾವಳಿಗೆ ಊರಿಗೆ ಹೋದಾಗ, ಮಾವ ಕನ್ನಡಕ ಏರಿಸಿಕೊಂಡು ಕೂಡುವುದನ್ನು ನೋಡಿ "ಒಂದು ಆಪ್ ಮಾಡಿಕೊಡ್ತೆ ಮಾವ" ಅಂದುಬಿಟ್ಟೆ. ನಿಜ ಹೇಳಬೇಕಂದ್ರೆ ಆಪ್ ಅಲ್ಲ, ಫೋನಿನ ಬ್ರೌಸರಿನಲ್ಲಿ ತೆರೆಯುವ ಒಂದು ವೆಬ್ ಪುಟ. ನನ್ನ ಆಫೀಸಿನ ಕೆಲಸ ಸರ್ವರ್ ಕಡೆಯ ಜಾವಾದಲ್ಲಿ. ಜಾವಾಸ್ಕ್ರಿಪ್ಟ್ ಅಷ್ಟಕ್ಕಷ್ಟೆ. ಹೆಸರು ಒಂದೇ ಥರ ಇದ್ದರೂ ಇಬ್ಬರಿಗೂ ನೆಂಟಸ್ತಿಕೆಯಿಲ್ಲ ಅಂತ ಗೊತ್ತಿದ್ದೂ, "ಇದೇನು ಮಹಾ" ಅಂತ ಕೂತೆ.

ಬೇರೆ ಯಾರೋ ಓಗೊಟ್ಟರು

ಮೊದಲ ಪಾಠ ಅವತ್ತೇ ಸಿಕ್ಕಿತು. ತಪ್ಪಿ ಬರೆದ ಬಿಲ್ಲನ್ನು ಖಾಲಿ ಮಾಡಲು 'ಅಳಿಸು' ಅನ್ನೋ ಬಟನ್ ಇಟ್ಟೆ. ಅದರ ಹಿಂದಿನ ಫಂಕ್ಷನ್ನಿಗೆ 'ಕ್ಲಿಯರ್' ಅಂತ ಹೆಸರು ಕೊಟ್ಟೆ. ಬಟನ್ನಿನ ಆನ್‌ಕ್ಲಿಕ್‌ನಲ್ಲಿ ಅದನ್ನೇ ಕರೆದೆ. ಒತ್ತಿದರೆ ಏನೂ ಆಗಲಿಲ್ಲ. ಕನ್ಸೋಲಿನಲ್ಲಿ ಒಂದು ಕೆಂಪು ಅಕ್ಷರವೂ ಇಲ್ಲ. ಫಂಕ್ಷನ್ ಒಳಗೆ ಸಂದೇಶ ಬರೆಯಿಸಿ ನೋಡಿದೆ, ಅದೂ ಬರಲಿಲ್ಲ. ಎರಡು ತಾಸು ತಲೆ ಕೆರೆದುಕೊಂಡೆ.

ಕಾರಣ ಹೀಗಿತ್ತು. ಬಟನ್ನಿನ ಒಳಗೇ ಬರೆದ ಆನ್‌ಕ್ಲಿಕ್ ಒಂದು ಹೆಸರನ್ನು ಕೂಗಿದಾಗ, ಬ್ರೌಸರ್ ಮೊದಲು ಆ ಬಟನ್ನಿನ ಬಳಿಯೇ ಹುಡುಕುತ್ತೆ. ಬಟನ್ ಒಂದು ಫಾರ್ಮಿಗೆ ಸೇರಿದ್ದರೆ ಆಮೇಲೆ ಆ ಫಾರ್ಮಿನಲ್ಲಿ. ಆಮೇಲೆ ಡಾಕ್ಯುಮೆಂಟಿನಲ್ಲಿ. ಇವೆಲ್ಲ ಮುಗಿದ ಮೇಲೇ ನಾವು ಬರೆದ ಗ್ಲೋಬಲ್ ಫಂಕ್ಷನ್ನಿಗೆ ಬರುವುದು. ಡಾಕ್ಯುಮೆಂಟಿನಲ್ಲಿ ಹಳೇ ಕಾಲದ ಒಂದು 'ಕ್ಲಿಯರ್' ಈಗಲೂ ಇದೆ. ಅದು ಮಾಡುವ ಕೆಲಸ ಏನೂ ಇಲ್ಲ, ಆದರೆ ಕರೆದರೆ ಓಗೊಡುತ್ತೆ! ನನ್ನ ಫಂಕ್ಷನ್ ಹೊರಗೆ ಜಗಲಿಯಲ್ಲಿ ಕಾದೇ ಕೂತಿತ್ತು.

ನಮ್ಮ ಹವ್ಯಕರ ಮನೆಗಳಲ್ಲಿ ಹುಟ್ಟಿದವರಿಗೆ ಇದು ಹೊಸದಲ್ಲ. ಅಡಿಗೆಮನೆಯಿಂದ ಅಜ್ಜಿ "ಮಾಣೀ" ಅಂತ ಕೂಗಿದರೆ ನಾಲ್ಕು ಮಾಣಿಯರಲ್ಲಿ ಯಾರು ಹತ್ತಿರ ಇದ್ದಾನೋ ಅವನೇ ಬರುವುದು. ಒಳಗೆ ಯಾರೂ ಇಲ್ಲದಿದ್ದರೆ ಕೂಗು ಜಗಲಿಗೆ, ಅಲ್ಲಿಂದ ಅಂಗಳಕ್ಕೆ. ಪ್ರೋಗ್ರಾಮಿಂಗಿನಲ್ಲಿ ಸ್ಕೋಪ್ ಅಂತ ಕರೆಯುವುದು ಇದನ್ನೇ: ಒಂದು ಹೆಸರು ಎಲ್ಲಿಯವರೆಗೆ ಕೇಳಿಸುತ್ತೆ, ಮೊದಲು ಯಾರು ಓಗೊಡುತ್ತಾರೆ ಅನ್ನೋದು. ನನ್ನ ಬಟನ್ 'ಕ್ಲಿಯರ್' ಬದಲು 'ಓಪನ್' ಅಂತ ಕರೆದಿದ್ದರೆ ಡಾಕ್ಯುಮೆಂಟಿನ 'ಓಪನ್' ಬಂದು ಇಡೀ ಪುಟವನ್ನೇ ಒರೆಸಿ ಹಾಕುತ್ತಿತ್ತು. ಫಂಕ್ಷನ್ನಿನ ಹೆಸರನ್ನು 'ಕ್ಲಿಯರ್‌ಬಿಲ್' ಅಂತ ಬದಲಿಸಿದೆ, ಕೆಲಸ ಮಾಡಿತು.

ಅಷ್ಟರಲ್ಲಿ ಇನ್ನೊಂದು ಗೋಳು. ಹೆಸರು ಬದಲಿಸುವಾಗ ಒಂದು ಕಡೆ ದೊಡ್ಡಕ್ಷರದ 'ಬಿ', ಇನ್ನೊಂದು ಕಡೆ ಸಣ್ಣಕ್ಷರದ್ದು ಆಗಿಹೋಗಿತ್ತು. ಜಾವಾಸ್ಕ್ರಿಪ್ಟಿಗೆ ಅವೆರಡೂ ಬೇರೆ ಬೇರೆ ಹೆಸರು. ಕನ್ಸೋಲಿನಲ್ಲಿ 'ಈಸ್ ನಾಟ್ ಡಿಫೈನ್ಡ್' ಅಂತ ಕೆಂಪಕ್ಷರ ಬಂತು. ನಮ್ಮೂರಿನ ಹೈವೇ ಥರ. ಅದರ ನಂಬರು 17 ಹೋಗಿ 66 ಆಗಿ ಎಷ್ಟೋ ವರ್ಷ ಆಯ್ತು, ಆದರೂ ಹಳಬರು "ಹದಿನೇಳರ ಹತ್ರ ನಿಂತಿರು" ಅಂತಲೇ ಹೇಳೋದು. ಮನುಷ್ಯರಿಗೆ ಅರ್ಥ ಆಗುತ್ತೆ, ಬ್ರೌಸರಿಗೆ ಆಗಲ್ಲ. ಹೆಸರು ಬದಲಿಸಿದರೆ ಅದನ್ನು ಕರೆಯುವ ಪ್ರತಿಯೊಂದು ಜಾಗದಲ್ಲೂ ಬದಲಿಸಬೇಕು.

ಆದರೆ ಒಂದು ಮಾತು. ಕೆಂಪಕ್ಷರ ತೋರಿಸುವ ತಪ್ಪು ಒಳ್ಳೇ ತಪ್ಪು. ಎದುರು ನಿಂತು ಜಗಳ ಆಡುವ ನೆಂಟನ ಹಾಗೆ. ಮಾತಾಡದೇ ಇರುವ ತಪ್ಪೇ ಮನೆ ಮುರಿಯೋದು.

ಅತ್ತೆ ಹೇಳಿದ್ದು

ಮಾವನ ಫೋನು ಬಂದ ನಾಲ್ಕನೇ ದಿನ ಅತ್ತೆ ಫೋನು ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು. ಮಾವ ರಾತ್ರಿ ಎದ್ದು ಅಂಗಡಿಯ ಬೀಗ ಎರಡೆರಡು ಸಲ ನೋಡಿ ಬರ್ತಾನಂತೆ. ನಿನ್ನೆ ತೂಕ ಮಾಡಿದ ಸಕ್ಕರೆಯನ್ನು ಮತ್ತೆ ತೂಕ ಮಾಡಿದನಂತೆ. "ಅಪ್ಪಯ್ಯಂಗೆ ಆದಾಂಗೆ ಯಂಗೂ ಆಗ್ತಾ ಇದ್ದ ಕಾಣ್ತು" ಅಂತ ಹೇಳಿದನಂತೆ.

ಅಜ್ಜನಿಗೆ ಕೊನೆಯ ಐದಾರು ವರ್ಷ ನೆನಪು ಹೋಗಿತ್ತು. ಮಕ್ಕಳ ಹೆಸರೂ ಮರೆತಿದ್ದ. ಮಾವನಿಗೆ ಈಗ 64. ಅವನಿಗೆ ಆ ಒಂದು ಹೆದರಿಕೆ ಇತ್ತು ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಬೋಟಿನ ಮಂಜಣ್ಣ ಅಂಗಡಿಗೆ ಬಂದಾಗ ಮಾವ ನಾಲ್ಕು ಜನರ ಎದುರು ಫೋನು ನೋಡಿ ಬಾಕಿ 6,340 ರೂಪಾಯಿ ಅಂದ. ಮಂಜಣ್ಣ "ಅಷ್ಟಾಗ್ಲಿಕ್ಕಿಲ್ಲ ಹೆಗಡೇರೆ, ನಾಲ್ಕೂವರೆ ಸಾವಿರದ ಒಳಗೆ ಇರ್ಬೇಕು" ಅಂದ. ಮಾವ ಫೋನನ್ನೇ ತಿರುಗಿಸಿ ತೋರಿಸಿದ. ಮಂಜಣ್ಣ ಜಗಳ ಮಾಡಲಿಲ್ಲ. ಕಿಸೆಯಲ್ಲಿದ್ದ 2,000 ರೂಪಾಯಿ ಕೊಟ್ಟು, ಕಟ್ಟಿಸಿದ ಅಕ್ಕಿಯನ್ನು ಅಲ್ಲೇ ಬಿಟ್ಟು ಹೋದ. ಇಪ್ಪತ್ತು ವರ್ಷದ ಗಿರಾಕಿ. ಮಾರನೇ ದಿನದಿಂದ ಅವರ ಮನೆಯವರು ಬೇರೆ ಅಂಗಡಿಗೆ ಹೋಗಲು ಶುರು ಮಾಡಿದರು.

ಆಮೇಲೇ ಮಾವ ನನಗೆ ಫೋನು ಮಾಡಿದ್ದು. ಮಂಜಣ್ಣ ಸುಳ್ಳು ಹೇಳುವವನಲ್ಲ, ಅದು ಅವನಿಗೆ ಗೊತ್ತು. ನಾನು ನೋಡಿದರೆ ಲೆಕ್ಕ ತಪ್ಪಲು ಸಾಧ್ಯವೇ ಇಲ್ಲ ಅಂದೆ. ಹಾಗಾದರೆ ಉಳಿದದ್ದು ಯಾರು? ಅವನೊಬ್ಬನೇ. "ಆಗಿಕ್ಕು" ಅಂದದ್ದು ಅದಕ್ಕೆ.

ಆ ರಾತ್ರಿಯೇ ಕೋಡು ತೆರೆದು ಕೂತೆ. ಮಂಜುನಾಥರು ಒಬ್ಬರಿಗೊಬ್ಬರು ಬೆರಕೆ ಆಗಿದ್ದಾರೆ ಅಂತಲೇ ನನ್ನ ಮೊದಲ ಅನುಮಾನ. ಆದರೆ ಒಬ್ಬೊಬ್ಬರಿಗೂ ಬೇರೆ ನಂಬರು ಕೊಟ್ಟಿದ್ದೆ, ಅದು ಸರಿಯಾಗಿತ್ತು. ನಲವತ್ತು ಸಲ ಎಂಟ್ರಿ ಮಾಡಿ ನೋಡಿದೆ. ನಲವತ್ತು ಸಲವೂ ಸರಿ. ನನ್ನ ರೂಮಿನ ವೈಫೈಯಲ್ಲಿ ಎಲ್ಲವೂ ಸರಿಯೇ. ಶುಕ್ರವಾರ ರಾತ್ರಿಯ ಬಸ್ಸು ಹತ್ತಿದೆ.

ಒಂದು ಪದ ಬಿಟ್ಟುಹೋಗಿತ್ತು

ಶನಿವಾರ ಸಂಜೆ ಐದೂವರೆ. ಹೊರಗೆ ಧೋ ಮಳೆ, ಫೋನಿನಲ್ಲಿ ನೆಟ್‌ವರ್ಕಿನ ಒಂದೇ ಕಡ್ಡಿ. ಬಸ್ಸು ಇಳಿದವರೆಲ್ಲ ಒಟ್ಟಿಗೇ ಅಂಗಡಿಗೆ ಬಂದರು. ನಾನು ಮೂಟೆಯ ಮೇಲೆ ಕೂತು ಮಾವನ ಕೈ ನೋಡುತ್ತಿದ್ದೆ. ಒಬ್ಬಳಿಗೆ 325 ರೂಪಾಯಿ ಉದ್ರಿ ಬರೆದು 'ಉಳಿಸು' ಒತ್ತಿದ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ನಿಲ್ಲಲಿಲ್ಲ. ಅಷ್ಟರಲ್ಲಿ ಮುಂದಿನವನು ಅವಸರ ಮಾಡಿದ. ಮಾವ ಅವನ ಹೆಸರು ಆರಿಸಿ, ಮೊತ್ತ ಹಾಕಿ ಮತ್ತೆ ಒತ್ತಿದ. ಅರ್ಧ ನಿಮಿಷದ ಮೇಲೆ ಎರಡೂ ಉಳಿದವು. ತೆಗೆದು ನೋಡಿದೆ. ಎರಡೂ ಮೊತ್ತ ಎರಡನೆಯವನ ಖಾತೆಯಲ್ಲಿ!

ಲ್ಯಾಪ್‌ಟಾಪಿನಲ್ಲಿ ಆ ಫಂಕ್ಷನ್ ತೆಗೆದೆ. ನೋಡಿದ ಕೂಡಲೇ ಕಂಡಿತು. ಮೊತ್ತದ ಹೆಸರಿನ ಹಿಂದೆ 'ಲೆಟ್' ಅಂತ ಬರೆದಿದ್ದೆ. ಗ್ರಾಹಕನ ಹೆಸರಿನ ಹಿಂದೆ ಬರೆದಿರಲಿಲ್ಲ. ಅಷ್ಟೇ ತಪ್ಪು.

'ಲೆಟ್' ಅಂತ ಹಾಕಿದರೆ, ಈ ಹೆಸರು ಈ ಫಂಕ್ಷನ್ನಿನ ಒಳಗಿನದು, ಪ್ರತಿ ಸಲ ಕರೆದಾಗಲೂ ಹೊಸದು ಅಂತ ಅರ್ಥ. ಹಾಕದಿದ್ದರೆ ಜಾವಾಸ್ಕ್ರಿಪ್ಟ್ ಆ ಹೆಸರಿಗಾಗಿ ಒಳಗೆ, ಹೊರಗೆ ಎಲ್ಲ ಹುಡುಕಿ, ಎಲ್ಲೂ ಇಲ್ಲ ಅಂತಾದರೆ ಸುಮ್ಮನೆ ಬೀದಿಯಲ್ಲಿ ಒಂದನ್ನು ಮಾಡಿ ಇಟ್ಟುಬಿಡುತ್ತೆ. ಗ್ಲೋಬಲ್. ಇಡೀ ಪುಟಕ್ಕೆ ಒಂದೇ. ಮೊದಲನೆಯ ಎಂಟ್ರಿ ಸರ್ವರಿನ ಉತ್ತರಕ್ಕೆ ಕಾಯುತ್ತಿರುವಾಗ ಎರಡನೆಯದು ಬಂದು ಆ ಬೀದಿಯ ಹಲಗೆಯ ಮೇಲೆ ತನ್ನ ಗ್ರಾಹಕನನ್ನು ಬರೆಯಿತು. ಉತ್ತರ ಬಂದ ಮೇಲೆ ಮೊದಲನೆಯದು ತನ್ನ ಮೊತ್ತ ಹಿಡಿದುಕೊಂಡು ಹಲಗೆ ನೋಡಿತು. ಅಲ್ಲಿದ್ದದ್ದು ಬೇರೆಯವನ ಹೆಸರು. ಬೆಂಗಳೂರಿನಲ್ಲಿ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಹಾಗಾಗಿ ನಲವತ್ತು ಸಲವೂ ಸರಿ. ತಪ್ಪಲಿಕ್ಕೆ ಮಂಕಿಯ ಮಳೆಗಾಲವೇ ಬೇಕಿತ್ತು.

ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಮೊದಲ ಸಲ ಕಟ್ಟಿದ್ದು ಹತ್ತೇ ದಿನದಲ್ಲಿ. ಬರೆಯುವವರಿಗೆ ತೊಂದರೆ ಕೊಡಬಾರದು ಅಂತ ಅದು ಎಷ್ಟೋ ತಪ್ಪುಗಳನ್ನು ನುಂಗಿಕೊಳ್ಳುತ್ತೆ. 2009ರಲ್ಲಿ 'ಯೂಸ್ ಸ್ಟ್ರಿಕ್ಟ್' ಬಂತು. ಫೈಲಿನ ಮೊದಲ ಸಾಲಿನಲ್ಲಿ ಅದನ್ನು ಬರೆದರೆ ಇಂಥ ಅನಾಥ ಹೆಸರು ಕಂಡ ಕೂಡಲೇ ಕೆಂಪಕ್ಷರ ಬರುತ್ತೆ. 'ಲೆಟ್', 'ಕಾನ್ಸ್ಟ್' ಬಂದದ್ದು 2015ರಲ್ಲಿ. ಎಲ್ಲ ನನಗೆ ಗೊತ್ತಿದ್ದದ್ದೇ. ಆಫೀಸಿನಲ್ಲಾದರೆ ಲಿಂಟರ್ ಹಿಡಿಯುತ್ತಿತ್ತು, ಇನ್ನೊಬ್ಬರು ಓದಿ ನೋಡುತ್ತಿದ್ದರು. ಮಾವನ ಅಂಗಡಿಗೆ ಇಷ್ಟೇ ಸಾಕು ಅಂತ ನಾನು ಯಾವುದನ್ನೂ ಹಾಕಿರಲಿಲ್ಲ. ಕಂಪನಿಯ ಲಕ್ಷಾಂತರ ರೂಪಾಯಿಗೆ ಕೊಟ್ಟ ಮರ್ಯಾದೆಯನ್ನು ಮಂಜಣ್ಣನ ಅಕ್ಕಿಗೆ ಕೊಟ್ಟಿರಲಿಲ್ಲ.

ರಾತ್ರಿ ಮಾವನೂ ನಾನೂ ಕೂತೆವು. ಅವನು ಹಳೇ ಅಭ್ಯಾಸ ಬಿಟ್ಟಿರಲಿಲ್ಲ. ಪ್ರತಿ ಉದ್ರಿಗೂ ಒಂದು ಚೀಟಿ ಬರೆದು ತಂತಿಗೆ ಚುಚ್ಚಿ ಇಟ್ಟಿದ್ದ. ಎಲ್ಲ ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಿ ಫೋನಿಗೆ ತಾಳೆ ನೋಡಿದೆವು. ಜೂನಿನಿಂದ ಒಟ್ಟು 11 ಎಂಟ್ರಿ ಬೇರೆಯವರ ಖಾತೆಗೆ ಹೋಗಿದ್ದವು. ಮಂಜಣ್ಣನ ತಲೆ ಮೇಲೆ ನಾಲ್ಕು: 540, 385, 610, 325. ಒಟ್ಟು 1,860. ಅವನ ನಿಜವಾದ ಬಾಕಿ 4,480 ಆಗಿತ್ತು. ನಾಲ್ಕೂವರೆ ಸಾವಿರದ ಒಳಗೆ ಅಂತ ಅವನು ಬಾಯಲ್ಲಿ ಹೇಳಿದ್ದು ಸರಿಯಾಗಿತ್ತು.

ಮಾವನ ಚೀಟಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಅವನಿಗೆ ಹೇಳಿದೆ. "ಎಲ್ಲ ಸರಿ ಇದ್ದ?" ಅಂತ ಕೇಳಿದ. "ಎಲ್ಲ ಸರಿ ಇದ್ದು ಮಾವ. ತಪ್ಪು ಯಂದು" ಅಂದೆ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ತುಂಬ ಹೊತ್ತು ಒರೆಸಿದ. ಅಂದು ರಾತ್ರಿ ಬೀಗ ನೋಡಲು ಏಳಲಿಲ್ಲ ಅಂತ ಬೆಳಿಗ್ಗೆ ಅತ್ತೆ ಹೇಳಿದಳು.

ಬಲೆಯ ಪಕ್ಕದಲ್ಲಿ

ಭಾನುವಾರ ಇಬ್ಬರೂ ಮಂಜಣ್ಣನ ಮನೆಗೆ ಹೋದೆವು. ಬಿಟ್ಟು ಹೋದ ಅಕ್ಕಿಯ ಚೀಲ ಮಾವನ ಸ್ಕೂಟರಿನಲ್ಲಿತ್ತು. ಜಗಲಿಯಲ್ಲಿ ಬಲೆ ಹರಡಿಕೊಂಡು ಹರಿದಲ್ಲಿ ಹೊಲಿಯುತ್ತಿದ್ದ. ದೋಣಿ ಇಳಿಸಲಿಕ್ಕೆ ಇನ್ನೇನು ದಿನ ಬಂದಿತ್ತು. ನಾನು ವೇರಿಯೆಬಲ್ಲು, ನೆಟ್‌ವರ್ಕು ಅಂತ ಶುರು ಮಾಡಿದೆ. ಅವನು ಕೈ ನಿಲ್ಲಿಸಲಿಲ್ಲ.

"ಮೆಶಿನು ತಪ್ಪಿದ್ರೆ ಅಡ್ಡಿಲ್ಲ ತಮ್ಮ. ಹೆಗಡೇರು ನನ್ನ ಮುಖ ನೋಡ್ದೆ ಫೋನು ನೋಡಿದ್ರಲ್ಲ, ಬೇಜಾರಾದ್ದು ಅದಕ್ಕೆ."

ಮಾವ ಏನೂ ಹೇಳಲಿಲ್ಲ. ನಾನೇ ಹೇಳಿದೆ: "ಅವ್ರು ನಿಮ್ಮನ್ನೇ ನಂಬಿದ್ರು ಮಂಜಣ್ಣ. ನಂಗೆ ಫೋನು ಮಾಡಿದ್ರು. ತಪ್ಪಾಗೋದಿಲ್ಲ ಅಂದವನು ನಾನು." ಆಗ ಅವನು ಬಲೆಯಿಂದ ತಲೆಯೆತ್ತಿದ. ಒಳಗೆ ತಿರುಗಿ ಚಹಕ್ಕೆ ಹೇಳಿದ. ಅಕ್ಕಿಯ ಚೀಲ ಯಾರೂ ಹೇಳದೆಯೇ ಒಳಗೆ ಹೋಯಿತು.

ನಮ್ಮಲ್ಲಿ ಎಷ್ಟೋ ಜನ ಮನೆಯವರಿಗೆ, ಗೆಳೆಯರಿಗೆ ಅಂತ ಇಂಥ ಸಣ್ಣಪುಟ್ಟ ವೆಬ್ ಪುಟ ಮಾಡಿಕೊಟ್ಟಿರುತ್ತೇವೆ. ನಾನು ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. 'ಓಪನ್', 'ಕ್ಲೋಸ್', 'ಕ್ಲಿಯರ್', 'ನೇಮ್', 'ಸ್ಟೇಟಸ್' ಥರದ ಹೆಸರು ಬ್ರೌಸರಿನಲ್ಲಿ ಮೊದಲೇ ಇವೆ, ಅವನ್ನು ಇಡಬೇಡಿ. ಏನು ಮಾಡುತ್ತೆ, ಯಾವುದಕ್ಕೆ ಮಾಡುತ್ತೆ ಅನ್ನೋದು ಹೆಸರಲ್ಲೇ ಇರಲಿ. ಆನ್‌ಕ್ಲಿಕ್ಕನ್ನು ಬಟನ್ನಿನ ಒಳಗೆ ಬರೆಯುವ ಬದಲು ಸ್ಕ್ರಿಪ್ಟಿನಲ್ಲಿ 'ಆಡ್ ಇವೆಂಟ್ ಲಿಸನರ್' ಬಳಸಿ. 'ನಾಟ್ ಡಿಫೈನ್ಡ್' ಬಂದರೆ ಮೊದಲು ಕಾಗುಣಿತ, ಆಮೇಲೆ ಸಣ್ಣ-ದೊಡ್ಡ ಅಕ್ಷರ, ಆಮೇಲೆ ಆ ಫಂಕ್ಷನ್ ಇನ್ನೊಂದು ಫಂಕ್ಷನ್ನಿನ ಅಥವಾ ಮಾಡ್ಯೂಲಿನ ಒಳಗೆ ಅಡಗಿ ಕೂತಿದೆಯಾ ಅಂತ ನೋಡಿ. 'ಯೂಸ್ ಸ್ಟ್ರಿಕ್ಟ್' ಇಲ್ಲದೆ ಶುರು ಮಾಡಬೇಡಿ. ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸಿನಲ್ಲಿ ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡುವ ಆಯ್ಕೆ ಇದೆ. ಅದನ್ನು ಹಾಕಿ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಒತ್ತಿ ನೋಡಿ. ನಾನು ಹೀಗೆ ಮಾಡಿದ್ದರೆ ಬಸ್ಸು ಹತ್ತುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಪಾಠಕ್ಕೆ ಮಾತ್ರ ಟೂಲ್ ಇಲ್ಲ. ಬಳಸುವವರು "ತಪ್ಪು ತೋರಿಸ್ತಾ ಇದೆ" ಅಂದಾಗ ಮೊದಲು ನಮ್ಮ ಕೋಡನ್ನು ಅನುಮಾನಿಸಬೇಕು.

ಆಪನ್ನು ಸರಿ ಮಾಡಿದೆ, ಮಾವ ಈಗಲೂ ಬಳಸುತ್ತಾನೆ. ಜೊತೆಗೆ ಕೆಂಪು ಪುಸ್ತಕವೂ ವಾಪಸ್ ಬಂದಿದೆ. ಈ ಸಲ ಹೋದಾಗ ಅವನು ಬರೆಯುವುದನ್ನು ಗಮನಿಸಿದೆ. ಗಿರಾಕಿಯ ಪುಟ ತೆಗೆದು ಎಡಗೈ ಹೆಬ್ಬೆರಳನ್ನು ಅಲ್ಲಿ ಒತ್ತಿ ಹಿಡಿಯುತ್ತಾನೆ. ಮಧ್ಯೆ ಯಾರು ಕರೆಯಲಿ, ಕರೆಂಟು ಹೋಗಲಿ, ಬರೆದು ಮುಗಿಯುವವರೆಗೆ ಆ ಬೆರಳು ಅಲ್ಲಿಂದ ಏಳುವುದಿಲ್ಲ.

"ಎಂತಕ್ಕೆ ಹಾಂಗೆ ಹಿಡ್ಕತ್ತೆ ಮಾವ?" ಅಂತ ಕೇಳಿದೆ.

"ಮತ್ತೆ? ಕೈ ಬಿಟ್ರೆ ಪುಟ ಮಗುಚ್ತು ಮಾಣಿ" ಅಂದ.